ಆವತ್ತು ಹಾಲು ಕರೆದವರು ಯಾರು?

ನಾನು ಬರೆದ ಒಂದು ಕತೆಯಿಂದ ನಮ್ಮ ದೊಡ್ಡಮ್ಮನಿಗೆ ಬೇಜಾರಾಯಿತು. ಕತೆ ಅಂದರೆ ಉದ್ದದ್ದೇನಲ್ಲ, ಎಣಿಸಿದರೆ ಐವತ್ತು ಪದವೂ ಆಗಲಿಕ್ಕಿಲ್ಲ. ಅಷ್ಟು ಚಿಕ್ಕ ಕತೆಯಲ್ಲಿ ಅಷ್ಟು ದೊಡ್ಡ ತಪ್ಪಿಗೆ ಜಾಗ ಎಲ್ಲಿತ್ತು ಅಂತ ಆವಾಗಿನಿಂದ ಯೋಚಿಸುತ್ತಾ ಇದ್ದೇನೆ.

ಮೊದಲಿಂದ ಹೇಳ್ತೀನಿ. ಎರಡು ವರ್ಷದ ಹಿಂದೆ, ಆಫೀಸಿನಲ್ಲಿ ಒಂದು ದೊಡ್ಡ ರಿಲೀಸ್ ಮುಗಿದು ಸ್ವಲ್ಪ ಉಸಿರಾಡುವ ಹಾಗಾದಾಗ, ಜಯನಗರದಲ್ಲಿ ನಡೆಯುತ್ತಿದ್ದ ಒಂದು ಬರವಣಿಗೆ ತರಗತಿಗೆ ಸೇರಿದೆ. ಒಟ್ಟು ಆರು ಶನಿವಾರ. ವಿಷಯ ಅತಿ ಸಣ್ಣ ಕತೆ, ಅದರಲ್ಲೂ ಪ್ರಯೋಗದ ಕತೆ. ಫ್ಲ್ಯಾಶ್ ಫಿಕ್ಷನ್ ಅಂತಾರಲ್ಲ, ಅದು. ನಮ್ಮಲ್ಲಿ ಕೆಲವರು ನ್ಯಾನೋ ಕತೆ ಅಂತಾರೆ. ಸೇರಿದ ಕಾರಣ ಹೇಳಿಕೊಳ್ಳುವಂಥದ್ದೇನಲ್ಲ. ಕಾದಂಬರಿ ಬರೆಯೋಷ್ಟು ಟೈಮ್ ನನ್ನ ಹತ್ತಿರ ಇಲ್ಲ, ನೂರು ಪದಕ್ಕೆ ಇದೆ ಅಂದುಕೊಂಡಿದ್ದೆ. ತರಗತಿಯಲ್ಲಿ ಇದ್ದ ಹದಿನೈದು ಜನರಲ್ಲಿ ಹತ್ತು ಜನ ನಮ್ಮ ಐಟಿಯವರೇ. ಎಲ್ಲರೂ ಇದೇ ಲೆಕ್ಕ ಹಾಕಿಯೇ ಬಂದಿದ್ದರು.

ಚಿಕ್ಕದು ಅಂದರೆ ಸುಲಭದ್ದಲ್ಲ ಅಂತ ಮೊದಲ ದಿನವೇ ಹೇಳಿದರು. ಅಮೆರಿಕದ ಲಿಡಿಯಾ ಡೇವಿಸ್ ಅನ್ನುವ ಲೇಖಕಿಯ ಉದಾಹರಣೆ ಕೊಟ್ಟರು. ಅವರ ಕೆಲವು ಕತೆಗಳು ಒಂದೇ ವಾಕ್ಯದವು. 2013ರಲ್ಲಿ ಅವರಿಗೆ ಮ್ಯಾನ್ ಬುಕರ್ ಅಂತಾರಾಷ್ಟ್ರೀಯ ಪ್ರಶಸ್ತಿ ಬಂತು. ಆ ವರ್ಷ ಅಂತಿಮ ಪಟ್ಟಿಯ ಹತ್ತು ಜನರಲ್ಲಿ ನಮ್ಮ ಅನಂತಮೂರ್ತಿಯವರೂ ಇದ್ದರು. ಒಂದು ವಾಕ್ಯದ ಕತೆ ಬರೆಯುವ ಈಕೆ ಫ್ರೆಂಚಿನಿಂದ ಪ್ರೂಸ್ತ್‌ನನ್ನು ಇಂಗ್ಲಿಷಿಗೆ ತಂದವರು. ಪ್ರೂಸ್ತ್‌ನ ಒಂದೊಂದು ವಾಕ್ಯ ಅರ್ಧ ಪುಟಕ್ಕೂ ಹೋಗುತ್ತೆ. ಅಂದರೆ ಉದ್ದ ಏನು ಅಂತ ಚೆನ್ನಾಗಿ ಗೊತ್ತಿದ್ದೇ ಚಿಕ್ಕದು ಬರೆಯುವವರು. ನಾನು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಆದರೆ ತಲೆಗೆ ಇಳಿಸಿಕೊಳ್ಳಲಿಲ್ಲ.

ನಾಲ್ಕನೇ ವಾರದ ಮನೆಕೆಲಸ ಹೀಗಿತ್ತು: ಕತೆಯ ರೂಪದಲ್ಲೇ ಇಲ್ಲದ ಕತೆ ಬರೆಯಬೇಕು. ಅಂಗಡಿ ಚೀಟಿ, ಔಷಧಿ ಚೀಟಿ, ಬಸ್ ಟೈಮ್‌ಟೇಬಲ್, ಆಫೀಸಿನ ಬಗ್ ರಿಪೋರ್ಟ್, ಯಾವುದಾದರೂ ಸರಿ. ಇನ್ನೊಂದರ ಚಿಪ್ಪಿನೊಳಗೆ ಸೇರಿಕೊಂಡು ಬದುಕುವ ಏಡಿ ಇರುತ್ತಲ್ಲ, ಕತೆ ಹಾಗೆ ಕೂತಿರಬೇಕು. ಗರಿಷ್ಠ ನೂರು ಪದ.

ನನಗೆ ಕೂಡಲೇ ಹೊಳೆದದ್ದು ನಮ್ಮೂರ ಡೈರಿಯ ಪಾಸ್‌ಪುಸ್ತಕ. ನಮ್ಮೂರು ತಿಪಟೂರಿನ ಕಡೆ. ತೆಂಗು, ರಾಗಿ, ಮನೆಗೆ ಒಂದೋ ಎರಡೋ ಸೀಮೆಹಸು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವುದು, ಪುಸ್ತಕದಲ್ಲಿ ಲೀಟರ್ ಬರೆಸುವುದು. ದೊಡ್ಡಪ್ಪ ತೀರಿಕೊಂಡು ಆಗ ನಾಲ್ಕು ವರ್ಷ ಆಗಿತ್ತು. ಒಂದು ರಾತ್ರಿ ಕೂತು ಇದನ್ನು ಬರೆದೆ:

12, ಬೆಳಿಗ್ಗೆ – 6.5 ಲೀಟರ್
12, ಸಂಜೆ – 6.0
13, ಬೆಳಿಗ್ಗೆ – 6.5
13, ಸಂಜೆ – 6.0. ಮುಂಗಡ 2,000. ಕಾರಣ: ಆಸ್ಪತ್ರೆ.
14, ಬೆಳಿಗ್ಗೆ – 6.5
14, ಸಂಜೆ – 6.0. ಮುಂಗಡ 5,000. ಕಾರಣ: ಆಸ್ಪತ್ರೆ.
15, ಬೆಳಿಗ್ಗೆ – 6.0
15, ಮಧ್ಯಾಹ್ನ – ಮುಂಗಡ 3,000. ಕಾರಣ ಬರೆದಿಲ್ಲ.
15, ಸಂಜೆ – 4.0
ಸದಸ್ಯರ ಹೆಸರು: ತಿದ್ದಿದೆ.

ಅಷ್ಟೇ. ಶನಿವಾರ ಓದಿದಾಗ ತರಗತಿ ಒಂದು ನಿಮಿಷ ಸುಮ್ಮನಾಯಿತು. ಆಮೇಲೆ ಎಲ್ಲರೂ ಮಾತಾಡಿದರು. ಗಂಡ ಸತ್ತ ದಿನವೂ ಹಾಲು ಕರೆಯಬೇಕಾದ ಹೆಂಗಸಿನ ಬದುಕು ಎಷ್ಟು ಕ್ರೂರ ಅಂದರು ಒಬ್ಬರು. ಹಳ್ಳಿಯ ಬಡತನಕ್ಕೆ ಅಳುವುದಕ್ಕೂ ಪುರುಸೊತ್ತಿಲ್ಲ ಅಂದರು ಇನ್ನೊಬ್ಬರು. ಆರು ಲೀಟರ್ ನಾಲ್ಕಕ್ಕೆ ಇಳಿದದ್ದು ಎಲ್ಲರಿಗೂ ಹಿಡಿಸಿತು. ಹಸುವಿಗೂ ದುಃಖ ಗೊತ್ತಾಗಿದೆ, ಆ ಎರಡು ಲೀಟರ್ ಕಡಿಮೆಯಾದದ್ದೇ ಕತೆಯ ಕಣ್ಣೀರು ಅಂತ ಒಬ್ಬ ಹುಡುಗಿ ಹೇಳಿದಳು. ನಾನು ತಲೆಯಾಡಿಸಿದೆ. ನಿಜ ಹೇಳಬೇಕು ಅಂದರೆ, ಹೆಮ್ಮೆಯಿಂದ ತಲೆಯಾಡಿಸಿದೆ.

ತರಗತಿ ಮುಗಿದ ಮೇಲೆ ಎಲ್ಲರ ಕತೆ ಸೇರಿಸಿ ಸ್ಟೇಪಲ್ ಹೊಡೆದ ಒಂದು ಪುಸ್ತಿಕೆ ಮಾಡಿದರು. ನಮ್ಮ ದೊಡ್ಡಮ್ಮನ ಮಗ ಬೆಂಗಳೂರಿಗೆ ಬಂದಾಗ ನನ್ನ ಪುಟದ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ. ಎರಡು ದಿನ ಬಿಟ್ಟು ದೊಡ್ಡಮ್ಮನ ಫೋನ್ ಬಂತು.

"ಏನಪ್ಪಾ, ನಮ್ಮನೆ ಡೈರಿ ಪುಸ್ತಕ ಬರ್ದಿದೀಯಂತೆ."

"ಹೂಂ ದೊಡ್ಡಮ್ಮ. ಓದಿದ್ಯಾ?"

"ಓದ್ದೆ. ನನ್ ಕಷ್ಟ ಬರ್ದೆ, ಬರ್ಕೊ. ಅವಳ ಉಪಕಾರ ಎಲ್ಲೋ ಬಿಟ್ಟೆ?"

ನನಗೆ ಉತ್ತರ ಬರಲಿಲ್ಲ. ಯಾಕಂದರೆ ನನಗೆ ಗೊತ್ತಿತ್ತು.

ಆವತ್ತು ನಡೆದದ್ದು ಇದು. ದೊಡ್ಡಪ್ಪ ಹೋದದ್ದು ಮಧ್ಯಾಹ್ನ, ಆಸ್ಪತ್ರೆಯಲ್ಲಿ. ಮೂರು ಗಂಟೆ ಹೊತ್ತಿಗೆ ಮನೆಗೆ ತಂದರು. ಸುದ್ದಿ ತಿಳಿದು ನಾನು ಬೆಂಗಳೂರಿಂದ ಹೊರಟು ಊರು ಸೇರಿದಾಗ ಐದೂವರೆ. ದೊಡ್ಡಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕೈಕಾಲು ತೊಳೆಯೋಣ ಅಂತ ಹಿತ್ತಲಿಗೆ ಹೋದೆ. ಕೊಟ್ಟಿಗೆಯಲ್ಲಿ ಬಲ್ಬ್ ಉರಿಯುತ್ತಿತ್ತು. ಆಚೆಮನೆ ಅತ್ತೆ ಕುಕ್ಕರಗಾಲಲ್ಲಿ ಕೂತು ನಮ್ಮ ಹಸುವಿನ ಹಾಲು ಕರೆಯುತ್ತಿದ್ದಳು.

ಆಚೆಮನೆಗೂ ನಮ್ಮನೆಗೂ ಮಾತು ನಿಂತು ಆಗ ಹನ್ನೊಂದು ವರ್ಷ. ಬದುವಿನ ಮೇಲಿನ ಎರಡು ತೆಂಗಿನಮರ ಯಾರದು ಅನ್ನುವ ಜಗಳ. ಅವರ ಮನೆ ಮದುವೆಗೆ ನಾವು ಹೋಗಿರಲಿಲ್ಲ, ನಮ್ಮನೆ ಗೃಹಪ್ರವೇಶಕ್ಕೆ ಅವರು ಬಂದಿರಲಿಲ್ಲ. ಆವತ್ತು ಅವಳನ್ನು ಯಾರೂ ಕರೆದಿರಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಸರಿ. ಹಸುವಿನ ಕೆಚ್ಚಲಿಗೆ ಅದೆಲ್ಲ ಗೊತ್ತಿರುತ್ತಾ? ಹೊತ್ತಿಗೆ ಸರಿಯಾಗಿ ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬರುತ್ತೆ. ಅವಳು ಬಂದಳು, ಕರೆದಳು, ಕ್ಯಾನು ಎತ್ತಿಕೊಂಡು ಡೈರಿಗೆ ಹೋಗಿ ನಮ್ಮ ಪುಸ್ತಕದಲ್ಲೇ ಬರೆಸಿದಳು. ಹೊಸ ಕೈ ಆದ್ದರಿಂದ ಹಸು ಸೊರೆ ಬಿಡಲಿಲ್ಲ. ಅದಕ್ಕೇ ನಾಲ್ಕು ಲೀಟರ್. ತರಗತಿಯಲ್ಲಿ ಹಸುವಿನ ಕಣ್ಣೀರು ಅನ್ನಿಸಿಕೊಂಡ ಆ ಎರಡು ಲೀಟರ್, ನಿಜವಾಗಿ ಆಚೆಮನೆ ಅತ್ತೆಯ ಕೈಗುರುತು.

ಬರೆಯುವಾಗ ಇದು ನೆನಪಿರಲಿಲ್ಲವಾ ಅಂದರೆ, ಇತ್ತು. ಮೊದಲ ಕರಡಿನಲ್ಲಿ ಒಂದು ಸಾಲೂ ಇತ್ತು. ಆ ಸಾಲು ಇದ್ದರೆ ಕೊನೆ ಮೊಂಡಾಗುತ್ತೆ ಅನ್ನಿಸಿತು. ಯಾರೀಕೆ, ಯಾಕೆ ಬಂದಳು, ಅದರಲ್ಲೇನು ವಿಶೇಷ ಅಂತ ವಿವರಿಸಲು ಇನ್ನೂ ನಲವತ್ತು ಪದ ಬೇಕಿತ್ತು. ಅಳಿಸಿದೆ. ಅಳಿಸಿದ ಕೂಡಲೇ ಕತೆ ಚೂಪಾಯಿತು. ನನಗೆ ಖುಷಿಯೂ ಆಯಿತು.

ನನ್ನ ಪ್ರಶ್ನೆ ಇಲ್ಲಿಂದ ಶುರುವಾಗುತ್ತೆ. ಆ ಪುಸ್ತಕದಲ್ಲಿ ಬರೆದ ಒಂದಂಕಿಯೂ ಕತೆಯ ಹದಕ್ಕೆ ಸುಳ್ಳಲ್ಲ. ಸಂಜೆ ನಾಲ್ಕು ಲೀಟರ್ ಹಾಲು ನಿಜವಾಗಿಯೂ ಡೈರಿಗೆ ಹೋಗಿತ್ತು. ಹಾಗಾದರೆ ಬಿಟ್ಟದ್ದು ಸುಳ್ಳಾಗುತ್ತಾ? ಚಿಕ್ಕ ಕತೆ ಬರೆಯುವುದು ಅಂದರೇ ಬಿಡುವುದು. ಬಿಡುವುದೇ ತಪ್ಪಾದರೆ ಈ ಪ್ರಕಾರವೇ ಇರಬಾರದು.

ನಮ್ಮ ಕೆಲಸದಲ್ಲಿ ಕುಗ್ಗಿಸುವುದಕ್ಕೆ ಎರಡು ದಾರಿ ಇವೆ. ಜಿಪ್ ಮಾಡಿದರೆ ಫೈಲು ಚಿಕ್ಕದಾಗುತ್ತೆ, ಬಿಚ್ಚಿದರೆ ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ವಾಪಸ್ ಬರುತ್ತೆ. ಜೆಪೆಗ್ ಹಾಗಲ್ಲ. ಮನುಷ್ಯನ ಕಣ್ಣು ಬೆಳಕಿನ ವ್ಯತ್ಯಾಸವನ್ನು ಹಿಡಿಯುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಹಿಡಿಯುವುದಿಲ್ಲ, ಹಾಗಾಗಿ ಬಣ್ಣದ ವಿವರವನ್ನು ಹೆಚ್ಚು ಬಿಸಾಕಿದರೂ ಯಾರಿಗೂ ಗೊತ್ತಾಗಲ್ಲ ಅನ್ನುವ ಲೆಕ್ಕದ ಮೇಲೆ ಅದು ನಿಂತಿದೆ. ಬಿಸಾಕಿದ್ದು ಮತ್ತೆ ಬರಲ್ಲ. ಸಣ್ಣ ಕತೆ ಜೆಪೆಗ್ ಥರ. ಹಾಗಾದರೆ ಯಾರ ಕಣ್ಣಿಗೆ ಕಾಣಲ್ಲ ಅಂತ ನಾನು ಬಿಸಾಕಿದೆ? ಜಯನಗರದ ಆ ಕೋಣೆಯಲ್ಲಿ ಕೂತಿದ್ದ ಹದಿನೈದು ಜನರ ಕಣ್ಣಿಗೆ. ನಮ್ಮೂರಿನ ಕಣ್ಣು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಅದು ಹೇಗೆ ಗೊತ್ತಾಯಿತು ಅಂದರೆ, ನನ್ನ ಅಣ್ಣ ಅದೇ ಫೋಟೋವನ್ನು ಡೈರಿ ಸೆಕ್ರೆಟರಿಗೆ ತೋರಿಸಿದನಂತೆ. ಅವರು ಸಾಹಿತ್ಯ ಗೀಹಿತ್ಯ ಓದುವವರಲ್ಲ. ಮೇಲಿಂದ ಕೆಳಗೆ ಒಂದು ಸಲ ಕಣ್ಣಾಡಿಸಿ ಕೇಳಿದರಂತೆ: "ಹದಿನೈದನೇ ತಾರೀಕು ಸಂಜೆ ಯಾರು ಕರೆದ್ರು?"

ಬೆಂಗಳೂರಿನಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಎಲ್ಲರೂ ಹೆಂಡತಿಯೇ ಕರೆದಳು ಅಂದುಕೊಂಡರು. ಊರಿನಲ್ಲಿ ಬೆಳೆದವರಿಗೆ ಗೊತ್ತು, ಗಂಡನ ಹೆಣ ಮನೆಯಲ್ಲಿರುವಾಗ ಯಾವ ಊರೂ ಆ ಹೆಂಗಸನ್ನು ಕೊಟ್ಟಿಗೆಗೆ ಕಳಿಸುವುದಿಲ್ಲ. ಯಾರೋ ಒಬ್ಬರು ಬಂದೇ ಬರುತ್ತಾರೆ. ಒಂದೇ ಕತೆ, ಒಂದೇ ಖಾಲಿ ಜಾಗ. ಸೆಕ್ರೆಟರಿಗೆ ಅದರಲ್ಲಿ ಒಬ್ಬ ಮನುಷ್ಯಳು ಕಂಡಳು, ನಮ್ಮ ತರಗತಿಗೆ ಬಡತನ ಕಂಡಿತು.

ಆರು ಪದದ ಒಂದು ಪ್ರಸಿದ್ಧ ಇಂಗ್ಲಿಷ್ ಕತೆ ನೀವೂ ಕೇಳಿರುತ್ತೀರಿ. ಮಗುವಿನ ಶೂ ಮಾರುವ ಜಾಹೀರಾತಿನ ಥರದ್ದು, ಹೆಮಿಂಗ್ವೇ ಬರೆದದ್ದು ಅನ್ನುತ್ತಾರೆ. ಹೆಮಿಂಗ್ವೇ ಬರೆದ ಅನ್ನೋದಕ್ಕೆ ಯಾವ ಪುರಾವೆಯೂ ಇಲ್ಲ. ಅವನು ತೀರಿಕೊಂಡದ್ದು 1961ರಲ್ಲಿ, ಅವನ ಹೆಸರಿನ ಜೊತೆ ಈ ಕತೆ ಪುಸ್ತಕಗಳಲ್ಲಿ ಓಡಾಡತೊಡಗಿದ್ದು 1990ರ ದಶಕದಲ್ಲಿ. ಅವನಿನ್ನೂ ಹುಡುಗನಾಗಿದ್ದಾಗಲೇ ಅಮೆರಿಕದ ಪತ್ರಿಕೆಗಳಲ್ಲಿ ಅಂಥ ಜಾಹೀರಾತು ಬಂದದ್ದಿದೆ. ಕುಡಿತ, ಯುದ್ಧ, ಮೌನ ಅಂತ ನಮ್ಮ ತಲೆಯಲ್ಲಿರುವ ಹೆಮಿಂಗ್ವೇಗೆ ಆ ಕತೆ ಸರಿಹೊಂದುತ್ತೆ, ಹಾಗಾಗಿ ಬರೆದವರ ಖಾಲಿ ಜಾಗಕ್ಕೆ ಅವನನ್ನೇ ಕೂರಿಸಿದೆವು. ಕತೆಯ ಒಳಗೂ ಅದೇ ಮಾಡುತ್ತೇವೆ. ಓದಿದ ಎಲ್ಲರೂ ಮಗು ಸತ್ತಿದೆ ಅಂತಾರೆ. ಕತೆ ಹಾಗಂತ ಹೇಳುವುದೇ ಇಲ್ಲ. ಅಳತೆ ಸರಿಹೋಗದೆ ಮಾರಿರಬಹುದು, ಉಡುಗೊರೆ ಎರಡೆರಡು ಬಂದಿರಬಹುದು.

ಸಾಫ್ಟ್‌ವೇರಿನಲ್ಲಿ ಇದಕ್ಕೆ ಡೀಫಾಲ್ಟ್ ಅನ್ನುತ್ತೇವೆ. ಫಾರ್ಮಿನಲ್ಲಿ ನೀವು ಖಾಲಿ ಬಿಟ್ಟ ಕಡೆ ಸಿಸ್ಟಮ್ ತಾನೇ ಏನೋ ಒಂದು ತುಂಬಿಕೊಳ್ಳುತ್ತೆ. ಓದುಗನ ತಲೆಯಲ್ಲೂ ಹಾಗೇ. ಹಳ್ಳಿ, ಹೆಂಗಸು, ಸಾವು, ಮುಂಗಡ, ಈ ನಾಲ್ಕು ಪದ ಕೊಟ್ಟರೆ ಬೆಂಗಳೂರಿನ ಓದುಗನ ತಲೆ ಏನು ತುಂಬಿಕೊಳ್ಳುತ್ತೆ ಅಂತ ನನಗೆ ಬರೆಯುವಾಗಲೇ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಹಳ್ಳಿಯವನಾಗಿ, ಅದರ ಮೇಲೆ ಹತ್ತಕ್ಕೂ ಹೆಚ್ಚು ವರ್ಷ ಬೆಂಗಳೂರಿನವನಾಗಿ ಬದುಕಿದವನಿಗೆ ಅದು ಗೊತ್ತಾಗದೆ ಇರುತ್ತಾ? ಆ ಡೀಫಾಲ್ಟನ್ನು ನಂಬಿಕೊಂಡೇ ಜಾಗ ಖಾಲಿ ಬಿಟ್ಟೆ. ಸುಳ್ಳನ್ನು ನಾನು ಬರೆಯಲಿಲ್ಲ, ಓದುಗರ ಕೈಯಲ್ಲಿ ಬರೆಸಿದೆ.

ನಿಜವಾದ ಜನರ ಬದುಕನ್ನು ಮೂರೇ ಸಾಲಿಗೆ ಇಳಿಸಿದವರು ನನಗಿಂತ ಮೊದಲೂ ಇದ್ದರು. ಫೆಲಿಕ್ಸ್ ಫೆನಿಯೋನ್ ಅನ್ನುವ ಫ್ರೆಂಚ್ ಬರಹಗಾರ 1906ರಲ್ಲಿ ಪ್ಯಾರಿಸ್ಸಿನ 'ಲ ಮಾತೆಂ' ಪತ್ರಿಕೆಗೆ ಮೂರು ಸಾಲಿನ ಸುದ್ದಿ ಬರೆಯುತ್ತಿದ್ದ. ಕೊಲೆ, ಆತ್ಮಹತ್ಯೆ, ರೈಲಿಗೆ ಸಿಕ್ಕಿದವರು, ಮುಷ್ಕರ. ಸಾವಿರಕ್ಕೂ ಮೇಲೆ ಬರೆದ, ಒಂದಕ್ಕೂ ತನ್ನ ಹೆಸರು ಹಾಕಲಿಲ್ಲ. ಅವನ್ನು ಕತ್ತರಿಸಿ ಅಂಟಿಸಿಟ್ಟವರು ಇದ್ದದ್ದರಿಂದ ಉಳಿದವು. ಇವತ್ತು ಅವನ್ನು ಅತಿ ಸಣ್ಣ ಕತೆಯ ಮಾದರಿ ಅಂತ ಓದುತ್ತಾರೆ. ಓದಿದರೆ ಅವನ ಜಾಣತನಕ್ಕೆ ನಗು ಬರುತ್ತೆ, ಆಮೇಲೆ ಸತ್ತವರಿಗೆ ಹೆಸರು, ಊರು, ವಯಸ್ಸು ಇದ್ದದ್ದು ಕಾಣುತ್ತೆ. ನಗು ಗಂಟಲಲ್ಲೇ ನಿಲ್ಲುತ್ತೆ. ಅವನು ಎಷ್ಟೇ ಕುಗ್ಗಿಸಿದರೂ ಹೆಸರನ್ನು ಸುಮ್ಮನೆ ಅಳಿಸಲಿಲ್ಲವಲ್ಲ ಅನ್ನುವುದು ನನಗೆ ಈಗ ದೊಡ್ಡದಾಗಿ ಕಾಣುತ್ತೆ.

ಹೆಸರು ಬಿಟ್ಟವನು ಮಂಟೋ. ದೇಶ ಒಡೆದ ಮೇಲೆ ಮುಂಬಯಿ ಬಿಟ್ಟು ಲಾಹೋರಿಗೆ ಹೋದ ಸಾದತ್ ಹಸನ್ ಮಂಟೋ, 1948ರಲ್ಲಿ 'ಸಿಯಾಹ್ ಹಾಶಿಯೆ' ಅನ್ನುವ ಚಿಕ್ಕ ಪುಸ್ತಕ ತಂದ. ಕಪ್ಪು ಅಂಚು ಅಂತ ಅರ್ಥ. ಗಲಭೆಯ ಬಗ್ಗೆ ಮೂವತ್ತೆರಡು ತುಣುಕು, ಕೆಲವಂತೂ ಎರಡು ಮೂರು ಸಾಲು. ಹೆಣಗಳ ಮೇಲೆ ಹಾಸ್ಯ ಮಾಡಿದ ಅಂತ ಪ್ರಗತಿಶೀಲರಿಂದ ಬೈಸಿಕೊಂಡ. ಆದರೆ ಅವನು ಏನು ಬಿಟ್ಟ ಅಂತ ನೋಡಿ. ಎಷ್ಟೋ ತುಣುಕುಗಳಲ್ಲಿ ಕೊಂದವನು ಹಿಂದೂವಾ, ಮುಸ್ಲಿಮನಾ, ಸಿಖ್ಖನಾ ಅಂತ ಹೇಳುವುದಿಲ್ಲ. 1948ರ ಓದುಗನಿಗೆ ಮೊದಲು ಬೇಕಾಗಿದ್ದದ್ದೇ ಅದು. ಗೊತ್ತಾಗಿಬಿಟ್ಟರೆ 'ಅವರು' ಮತ್ತು 'ನಾವು' ಅಂತ ವಿಂಗಡಿಸಿ ಆರಾಮಾಗಬಹುದಿತ್ತು. ಮಂಟೋ ಆ ಆರಾಮ ಕೊಡಲಿಲ್ಲ. ಅವನೂ ಬಿಟ್ಟ, ನಾನೂ ಬಿಟ್ಟೆ. ಅವನು ಬಿಟ್ಟದ್ದು ಓದುಗನ ಡೀಫಾಲ್ಟಿಗೆ ಅಡ್ಡ ನಿಲ್ಲುವುದಕ್ಕೆ, ನಾನು ಬಿಟ್ಟದ್ದು ಅದಕ್ಕೆ ಬಾಗಿಲು ತೆಗೆಯುವುದಕ್ಕೆ.

ಇನ್ನೊಂದು ಥರದ ಬಿಡುವಿಕೆ ಇದೆ. ದಂಡಿಯ ದಶಕುಮಾರಚರಿತದಲ್ಲಿ ಮಂತ್ರಗುಪ್ತ ತನ್ನ ಕತೆ ಹೇಳುವಾಗ ಪ, ಬ, ಮ ಥರದ ತುಟಿ ಕೂಡಿಸುವ ಅಕ್ಷರಗಳನ್ನು ಬಳಸುವುದೇ ಇಲ್ಲ. ಪ್ರೇಯಸಿ ಕಚ್ಚಿ ತುಟಿ ಗಾಯವಾಗಿದೆ, ಅದಕ್ಕೆ. ನಮ್ಮಲ್ಲಿ ಅವಧಾನ ನೋಡಿದವರಿಗೆ ನಿಷೇಧಾಕ್ಷರಿ ಗೊತ್ತಿರುತ್ತೆ. ಪೃಚ್ಛಕರು ಒಂದೊಂದು ಅಕ್ಷರಕ್ಕೂ ಇದು ಬೇಡ ಅಂತ ತಡೆಯುತ್ತಾ ಹೋಗುತ್ತಾರೆ, ಅವಧಾನಿ ತಪ್ಪಿಸಿಕೊಂಡು ಪದ್ಯ ಕಟ್ಟುತ್ತಾರೆ. ಫ್ರಾನ್ಸಿನಲ್ಲಿ ಜಾರ್ಜ್ ಪೆರೆಕ್ 1969ರಲ್ಲಿ ಒಂದು ಇಡೀ ಕಾದಂಬರಿಯನ್ನು ಫ್ರೆಂಚಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಒಂದು ಅಕ್ಷರ ಬಿಟ್ಟು ಬರೆದ. ರೋಮನ್ ಅಕ್ಷರಮಾಲೆಯ ಐದನೆಯದು. ಸರ್ಕಸ್ಸು ಅನ್ನಿಸಬಹುದು. ಆದರೆ ಪೆರೆಕ್‌ನ ತಂದೆ ಎರಡನೇ ಮಹಾಯುದ್ಧದಲ್ಲಿ 1940ರಲ್ಲಿ ಸತ್ತ, ತಾಯಿಯನ್ನು 1943ರಲ್ಲಿ ನಾಜಿಗಳು ಆಶ್ವಿಟ್ಸ್‌ಗೆ ಸಾಗಿಸಿದರು. ತಂದೆ, ತಾಯಿ, ಕುಟುಂಬ ಅನ್ನುವುದಕ್ಕಿರುವ ಫ್ರೆಂಚ್ ಪದಗಳನ್ನು ಆ ಅಕ್ಷರ ಇಲ್ಲದೆ ಬರೆಯಲಾಗುವುದಿಲ್ಲ. ಪೆರೆಕ್ ಅನ್ನುವ ಅವನ ಹೆಸರನ್ನೂ ಬರೆಯಲಾಗುವುದಿಲ್ಲ. ಕಾದಂಬರಿಯ ಹೆಸರೇ ಕಾಣೆಯಾಗುವುದು ಅನ್ನುವ ಅರ್ಥದ್ದು. ದಂಡಿಯ ಕತೆಯಲ್ಲಾಗಲೀ ಪೆರೆಕ್‌ನ ಕಾದಂಬರಿಯಲ್ಲಾಗಲೀ ಬಿಟ್ಟದ್ದು ಬಚ್ಚಿಟ್ಟುಕೊಳ್ಳುವುದಿಲ್ಲ. ಇಲ್ಲೊಂದು ಗಾಯ ಇದೆ ನೋಡು ಅಂತ ತಾನೇ ತೋರಿಸುತ್ತೆ. ನನ್ನ ಕತೆಯಲ್ಲಿ ಗಾಯ ಕಾಣದ ಹಾಗೆ ಗಾರೆ ಮೆತ್ತಿ ನುಣುಪು ಮಾಡಿದ್ದೆ.

ಇದಕ್ಕೆ ಎದುರುವಾದ ಇಲ್ಲವಾ? ಇದೆ, ನಾನೇ ನನಗೆ ಹೇಳಿಕೊಂಡಿದ್ದೇನೆ. ಕತೆ ಅಂದರೆ ಪಂಚಾಯ್ತಿಯಲ್ಲಿ ಕೊಡುವ ಸಾಕ್ಷಿಯಲ್ಲ. ಎಲ್ಲರನ್ನೂ ಕೇಳಿ, ಎಲ್ಲರ ಉಪಕಾರವನ್ನೂ ಸೇರಿಸಿ ಬರೆದರೆ ಅದು ಕತೆಯಾಗುವುದಿಲ್ಲ, ವಂದನಾರ್ಪಣೆಯಾಗುತ್ತೆ. ಅಲ್ಲದೆ ನನ್ನ ಕತೆಯಿಂದ ಒಳ್ಳೆಯದೂ ಆಗಿತ್ತು. ತರಗತಿಯ ಒಬ್ಬ ಗೆಳೆಯ ಅದನ್ನು ಕೇಳಿದ ರಾತ್ರಿ ಎಷ್ಟೋ ದಿನದ ಮೇಲೆ ಊರಿಗೆ ಫೋನ್ ಮಾಡಿ ಅವನಮ್ಮನ ಹತ್ತಿರ ಒಂದು ಗಂಟೆ ಮಾತಾಡಿದನಂತೆ. ಆ ಫೋನ್ ಸುಳ್ಳಲ್ಲವಲ್ಲ.

ಇನ್ನೂ ಒಂದಿದೆ. ದೊಡ್ಡಮ್ಮ ಏನೂ ಬಿಡದೆ ಕತೆ ಹೇಳುವವಳಲ್ಲ. ಆವತ್ತು ಫೋನಿನಲ್ಲಿ ಆಚೆಮನೆಯವಳ ಉಪಕಾರ ಅಷ್ಟು ಹೇಳಿದಳಲ್ಲ, ಬದುವಿನ ಜಗಳದಲ್ಲಿ ಮೊದಲು ಬೈದವರು ಯಾರು, ತೆಂಗಿನಕಾಯಿ ಕೆಡವಿಸಿಕೊಂಡು ಹೋದವರು ಯಾರು ಅನ್ನುವುದನ್ನು ಬಾಯಿಬಿಡಲಿಲ್ಲ. ಮೊದಲು ಅದನ್ನೇ ಗಂಟೆಗಟ್ಟಲೆ ಹೇಳುತ್ತಿದ್ದವಳು. ಅವಳೂ ಅಳಿಸಿದ್ದಳು. ಅವಳು ಅಳಿಸಿದ್ದರಿಂದ ಇನ್ನೊಬ್ಬ ಹೆಂಗಸಿನ ಮರ್ಯಾದೆ ಉಳಿಯಿತು, ಎರಡು ಮನೆಗಳ ನಡುವೆ ಓಡಾಟ ಶುರುವಾಯಿತು. ನಾನು ಅಳಿಸಿದ್ದರಿಂದ ನನಗೆ ಚಪ್ಪಾಳೆ ಬಂತು.

ಇದಾದ ಮೇಲೆ ಬಿಡಬಹುದಾ ಬಿಡಬಾರದಾ ಅನ್ನುವ ಪ್ರಶ್ನೆ ಕೈಬಿಟ್ಟೆ. ಬಿಟ್ಟದ್ದರ ಲಾಭ ಯಾರಿಗೆ ಹೋಯಿತು ಅಂತ ಕೇಳಿಕೊಳ್ಳುತ್ತೇನೆ. ಇದು ಕತೆಗಷ್ಟೇ ಅಲ್ಲ. ಅಪ್ರೈಸಲಿಗೆ ನಾಲ್ಕು ಸಾಲು ಬರೆಯುವಾಗ ಟೀಮಿನವನೊಬ್ಬ ರಾತ್ರಿಯೆಲ್ಲ ಕೂತು ಸರಿಮಾಡಿದ್ದನ್ನು ಬಿಡುತ್ತೇವೆ. ಬರೆದ ನಾಲ್ಕೂ ಸಾಲು ನಿಜವೇ ಇರುತ್ತವೆ. ಊರಿಂದ ಬಂದು ಹೀಗೆ ಮೇಲೆ ಬಂದೆ ಅಂತ ನಮ್ಮ ಬದುಕನ್ನು ಎರಡು ನಿಮಿಷದಲ್ಲಿ ಹೇಳುವಾಗ, ಹಾಸ್ಟೆಲ್ ಫೀಸು ಕಟ್ಟಿದ ಸೋದರಮಾವ ಎಷ್ಟು ಸಲ ಬರುತ್ತಾರೆ? ನನ್ನ ಹಾಸ್ಟೆಲ್ ಫೀಸಿಗೆ ಎರಡು ವರ್ಷ ಕೊಬ್ಬರಿ ಮಾರಿದ ದುಡ್ಡು ಕೊಟ್ಟದ್ದು ದೊಡ್ಡಪ್ಪ. ಇದನ್ನೂ ನಾನು ಇಷ್ಟು ಹೊತ್ತು ಹೇಳಿರಲಿಲ್ಲ ನೋಡಿ.

ಕೊಬ್ಬರಿ ಅಂದಾಗ ನೆನಪಾಯಿತು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದಕ್ಕೆ ಕಾಯಿ ಕೆಡವಿ ಅಟ್ಟದ ಮೇಲೆ ಹಾಕಿ ಸುಮಾರು ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ತಾನೇ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತೆ. ದೊಡ್ಡಪ್ಪ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಲೊಟಲೊಟ ಅಂದರೆ ಸುಲಿಯಬಹುದು. ಅವಸರಕ್ಕೆ ಬಿದ್ದು ಒಡೆದರೆ ಚಿಪ್ಪಿಗೇ ಅಂಟಿಕೊಂಡಿರುತ್ತೆ, ಚಾಕು ಹಾಕಿ ಕಿತ್ತರೆ ಚೂರು ಚೂರು. ಕೊಬ್ಬರಿಯೂ ತೆಂಗಿನಕಾಯಿಗಿಂತ ಚಿಕ್ಕದೇ, ಹಗುರವೇ. ಆದರೆ ಅದರಲ್ಲಿ ಕಾಯಿ ಪೂರ್ತಿ ಇರುತ್ತೆ. ನಾನು ನಾಲ್ಕು ದಿನದ ಮನೆಕೆಲಸಕ್ಕೆ ಚಾಕು ಹಾಕಿ ಕಿತ್ತಿದ್ದೆ.

ಕಳೆದ ಯುಗಾದಿಗೆ ಊರಿಗೆ ಹೋದಾಗ ತಿದ್ದಿದ ಕತೆ ತೆಗೆದುಕೊಂಡು ಹೋಗಿದ್ದೆ. ಹೆಚ್ಚೇನೂ ಬದಲಿಸಿರಲಿಲ್ಲ. '15, ಸಂಜೆ – 4.0' ಅನ್ನುವ ಸಾಲಿನ ಪಕ್ಕ ಸೆಕ್ರೆಟರಿಯ ಟಿಪ್ಪಣಿಯ ಥರ 'ತಂದವರು ಬೇರೆಯವರು' ಅಂತ ಸೇರಿಸಿದ್ದೆ. ಮೂರು ಪದವೂ ಇಲ್ಲದ ಹಾಗೆ ಎಲ್ಲ ಹೇಳಿಬಿಟ್ಟೆ ಅಂತ ಒಳಗೊಳಗೇ ಮತ್ತೆ ಹೆಮ್ಮೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಓದಿದಳು.

"ಬೇರೆಯವರು ಅಂತ ಯಾಕ್ ಹಾಕಿದೀಯಾ?"

"ನಿಜವಾದ ಹೆಸರು ಹಾಕಬಾರದು ದೊಡ್ಡಮ್ಮ."

"ನಿಜವಾದ್ದು ಬ್ಯಾಡ. ಯಾವುದಾದ್ರೂ ಒಂದು ಹೆಸರು ಕೊಡು. ಬೇರೆಯವರು ಅನ್ಬ್ಯಾಡ."

ಆಮೇಲೆ ಹಿತ್ತಲ ಕಡೆ ತಿರುಗಿ ಆಚೆಮನೆ ಅತ್ತೆಯನ್ನೇ ಕೂಗಿದಳು. ಅತ್ತೆ ಮೊರದಲ್ಲಿ ಏನನ್ನೋ ಕೇರುತ್ತಿದ್ದವಳು ಹಾಗೇ ಬಂದಳು. ಅವಳಿಗೆ ಓದಲು ಅಷ್ಟಾಗಿ ಬರುವುದಿಲ್ಲ, ಓದಿ ಹೇಳಿದೆ. ಒಂದೊಂದು ತಾರೀಕನ್ನೂ ತಲೆ ಅಲ್ಲಾಡಿಸುತ್ತಾ ಕೇಳಿದಳು. ಕೊನೆಗೆ ಬಂದಾಗ ತಡೆದಳು.

"ನಾಕಲ್ಲ ಕಣಪ್ಪ. ನಾಕೂವರೆ. ಬಾಳ ಹೊತ್ತು ಕೂತು ನೇವರಿಸಿ ಕರ್ದೆ ನಾನು. ಅರ್ಧ ಲೀಟರ್ ಯಾಕ್ ಕಮ್ಮಿ ಬರ್ದೆ?"

ಈಗ ಆ ಕತೆಯಲ್ಲಿ ನಾಲ್ಕೂವರೆ ಲೀಟರ್ ಇದೆ, ಒಬ್ಬಳ ಹೆಸರು ಇದೆ, ಹನ್ನೊಂದು ವರ್ಷ ಮಾತಿಲ್ಲದ ಎರಡು ತೆಂಗಿನಮರ ಇದೆ. ಎಣಿಸಿದರೆ ನೂರ ಮೂವತ್ತು ಪದ ದಾಟುತ್ತೆ. ತರಗತಿಯ ನಿಯಮದ ಪ್ರಕಾರ ಅದು ಫೇಲು. ಮೊದಲಿನಷ್ಟು ಚೂಪಾಗಿಲ್ಲ ಅನ್ನುವುದೂ ನಿಜ. ಇನ್ನೂ ಕುಗ್ಗಿಸಬಹುದೇನೋ, ಆದರೆ ಅವಸರ ಇಲ್ಲ. ಸದ್ಯಕ್ಕೆ ಅಟ್ಟದ ಮೇಲೆ ಇಟ್ಟಿದ್ದೇನೆ.